ದೊಡ್ಡಪ್ಪನ ಮೂರು ಕುಳಿಯ ಗಾಲ್ಫ್

ಹರಿಹರ ರಸ್ತೆಯಲ್ಲಿ, ದಾವಣಗೆರೆಯ ಅಂಚಿಗೆ, ನಮ್ಮ ದೊಡ್ಡಪ್ಪನ ಗದ್ದೆಯಿದೆ. ಸುತ್ತಲಿನವರೆಲ್ಲ ಸೈಟು ಮಾಡಿ ಮಾರಿದ ಕಾಲದಲ್ಲಿ ಅವರು ಅದನ್ನು ಗಾಲ್ಫ್ ಮೈದಾನಕ್ಕೆಂದು ಪಾಲಿಕೆಗೆ ದಾನ ಕೊಡಲು ಹೊರಟರು. ಈಗಲೂ ಬೈಕಿನಲ್ಲಿ ಆ ಕಡೆ ಹೋದರೆ ನನ್ನ ಕೈ ತಾನಾಗಿಯೇ ಬ್ರೇಕು ಹಿಡಿಯುತ್ತದೆ.

ಹಿಂದೊಮ್ಮೆ ಮದುವೆಗೆಂದು ಬೆಂಗಳೂರಿಗೆ ಹೋದಾಗ ಅಲ್ಲಿನ ಗಾಲ್ಫ್ ಮೈದಾನದ ಗೇಟಿನಲ್ಲಿ ಕಾವಲುಗಾರ ದೊಡ್ಡಪ್ಪನನ್ನು ತಡೆದಿದ್ದ. ಬೇಲಿಯಾಚೆ ನಿಂತೇ ಒಂದು ತಾಸು ಆಟ ನೋಡಿ ಬಂದಿದ್ದರು.

“ನಮ್ಮೂರಾಗ ಒಂದಿರ್ಲಿ. ಮಂಡಕ್ಕಿ ಭಟ್ಟಿಯಾಗ ದುಡಿಯೋರೂ ಬಂದು ಆಡ್ಲಿ. ಯಾವನೂ ಯಾರ್ನೂ ತಡೀಬಾರ್ದು,” ಎನ್ನುತ್ತಿದ್ದರು.

ಅರ್ಜಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಊರಿನವರೆಲ್ಲರ ದನಿ ಅನುಕರಿಸಿ ಬೈಸಿಕೊಳ್ಳುವುದು ನನ್ನ ಕಸುಬಾಗಿತ್ತು. “ಸಾಹೇಬ್ರಂಗ ಮಾತಾಡ್ತೀಯಲ್ಲ, ಸಾಹೇಬ್ರಂಗ ಬರಿ,” ಎಂದರು ದೊಡ್ಡಪ್ಪ. ನಿಜ ಹೇಳಬೇಕೆಂದರೆ ನನಗೆ ಬರುತ್ತಿದ್ದದ್ದು ಸಾಹೇಬರ ಕೆಮ್ಮು ಮಾತ್ರ.

ಹೇಗೋ ಬರೆದೆ. ಜಾಗ ನೋಡಲು ಎಂಜಿನಿಯರು ಬರುತ್ತಾರೆಂದು ಸುದ್ದಿ ಬಂತು. ಕೊಯ್ಲು ಮುಗಿದು ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. “ಗಾಲ್ಫ್ ಅಂದ್ರ ಹಸ್ರು ಕಾಣ್ಬೇಕಲೇ,” ಎಂದು ದೊಡ್ಡಪ್ಪ ನಾಲೆಯ ನೀರು ತಿರುಗಿಸಿದರು. ಜೀವಮಾನವಿಡೀ ಭತ್ತ ಬೆಳೆದವರು; ಹಸಿರು ಬೇಕೆಂದರೆ ಗದ್ದೆ ತುಂಬ ನೀರು ನಿಲ್ಲಿಸುವುದೊಂದೇ ಅವರಿಗೆ ಗೊತ್ತಿದ್ದ ದಾರಿ.

ಹಸಿರೇನೋ ಚಿಗುರಿತು. ಎಂಜಿನಿಯರು ಬದುವಿನಿಂದ ಇಳಿದು ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಬೂಟು ಕೆಸರಿನಲ್ಲೇ ಉಳಿಯಿತು. ಮಾನ ಉಳಿಸೋಣವೆಂದು ನಾನು ಗಾಲ್ಫ್ ಕೋಲಿನ ಬದಲು ತಂದಿದ್ದ ಹಾಕಿ ಸ್ಟಿಕ್ಕಿನಿಂದ ಚೆಂಡು ಹೊಡೆದೆ. ಪುಳಕ್ ಎಂದು ಮುಳುಗಿತು.

ಎಂಜಿನಿಯರು ನಾಲೆಯಲ್ಲಿ ಕಾಲು ತೊಳೆಯುತ್ತ, “ಯಜಮಾನ್ರೇ, ಗಾಲ್ಫಿಗೆ ಹದಿನೆಂಟು ಕುಳಿ ಬೇಕು, ಅಷ್ಟಕ್ಕ ಈ ಜಾಗ ಸಾಲಂಗಿಲ್ರಿ,” ಎಂದರು.

“ಮೂರು ಸಾಕ್ರಿ. ಆರು ಸಲ ಆಡ್ತಾರ.”

ಎಂಜಿನಿಯರು ನಕ್ಕರು. ಆಮೇಲೆ ದನಿ ತಗ್ಗಿಸಿದರು. “ಬ್ಯಾಸರ ಮಾಡ್ಕೋಬ್ಯಾಡ್ರಿ. ಬರ್ಕೊಟ್ಟ ಮ್ಯಾಲ ಜಾಗ ನಿಮ್ದಲ್ಲ. ಆಟಕ್ಕೇ ಇಡ್ತಾರ ಅಂತ ನಾ ಮಾತು ಕೊಡಕ್ಕಾಗಲ್ಲ. ನಾಳೆ ಕಾಂಪ್ಲೆಕ್ಸೂ ಏಳಬಹುದು.”

ದೊಡ್ಡಪ್ಪ ಬದುವಿನ ಮೇಲೆ ಕುಸಿದು ಕೂತರು. ನಗಿಸೋಣವೆಂದು ಎಂಜಿನಿಯರ ಬೆನ್ನ ಹಿಂದೆ ಅವರ ಒಂಟಿ ಬೂಟಿನ ನಡಿಗೆ ಮಾಡಿ ತೋರಿಸಿದೆ. “ಒಂದೀಟು ಸುಮ್ನಿರಲೇ,” ಎಂದರು. ಅವರು ನನ್ನಾಟಕ್ಕೆ ನಗದಿದ್ದದ್ದು ಅದೇ ಮೊದಲು. ಎಂಜಿನಿಯರ ಕಡೆ ಕೈ ಚಾಚಿದರು. “ಆ ಅರ್ಜಿ ಇತ್ಲಾಗ ಕೊಡ್ರಿ ಸಾಹೇಬ್ರ.”

ಮುಂದಿನ ಕೊಯ್ಲಾದ ಮೇಲೆ ಅವರು ಗದ್ದೆಗೆ ನೀರು ಬಿಡಲಿಲ್ಲ. ನನ್ನ ಕೈಯಿಂದಲೇ ಮೂರು ಕುಳಿ ತೋಡಿಸಿ, ಸಂಜೆ ರಸ್ತೆ ಬದಿಗೆ ನಿಂತು ಹೋಗಿಬರುವವರನ್ನೆಲ್ಲ ಕರೆದರು. “ಬರ್ರಿ, ಒಂದೇಟು ಹೊಡ್ದು ಹೋಗ್ರಿ!” ಮೊದಲು ನಿಂತವರು ಗಾರೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಇಬ್ಬರು ಹೆಂಗಸರು. ಒಬ್ಬಾಕೆ ಬುತ್ತಿ ಡಬ್ಬಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಕಿ ಸ್ಟಿಕ್ಕು ಬೀಸಿದಳು. ಚೆಂಡು ಮೂರೂ ಕುಳಿ ದಾಟಿ ಪಕ್ಕದ ಲೇಔಟಿನ ಕಾಂಪೌಂಡು ಹಾರಿತು. ಆಕೆ ನಾಲಿಗೆ ಕಚ್ಚಿಕೊಂಡಳು.

“ಹೋಗ್ಲಿ ಬಿಡವ್ವ, ಇನ್ನೊಂದೈತೆ,” ಎಂದು ದೊಡ್ಡಪ್ಪ ಜೇಬಿಗೆ ಕೈ ಹಾಕಿದರು.