ಅವ್ವನ ಹಾಲಿಗೆ ಡಿಗ್ರಿ ಬಂದ ದಿನ

ಹೋದ ವರ್ಷ ಬಿ.ಎ. ಮೊದಲ ವರ್ಷದಲ್ಲಿದ್ದಾಗಿನ ಮಾತು. ನಾನು ಕೇಳಿದ್ದು ಸಮಾಜಶಾಸ್ತ್ರ. ಸೀಟು ಮುಗಿದಿದೆ, ತತ್ತ್ವಶಾಸ್ತ್ರ ಖಾಲಿ ಇದೆ ಎಂದರು. ಸರಿ ಎಂದೆ. ಬಾಗೂರು ಪಕ್ಕದ ನಮ್ಮ ಹಳ್ಳಿಯಿಂದ ಚನ್ನರಾಯಪಟ್ಟಣಕ್ಕೊಂದು ಬಸ್ಸು, ಅಲ್ಲಿಂದ ಹಾಸನಕ್ಕೆ ಇನ್ನೊಂದು. ಕ್ಲಾಸಿನಲ್ಲಿ ಕೂರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ‘ನಮಗೆ ಗೊತ್ತಿರುವುದು ನಿಜ ಅಂತ ಗೊತ್ತಾಗುವುದು ಹೇಗೆ?’ ಎಂದು ಮೇಷ್ಟ್ರು ಕೇಳುವಾಗ, ನಿದ್ದೆ ಬರುತ್ತಿದೆ ಎಂಬುದೊಂದೇ ನನಗೆ ಖಚಿತವಾಗಿ ಗೊತ್ತಿರುತ್ತಿತ್ತು.

ಮನೆಯಲ್ಲಿ ಬೇರೆಯೇ ತಲೆನೋವು. ಊರಾಚೆ ಇದ್ದ ಹಾಲಿನ ಡೇರಿ ಹೊಸ ಕಟ್ಟಡಕ್ಕೆ, ನಮ್ಮ ಮನೆಯ ಪಕ್ಕಕ್ಕೇ ಬಂದಿತ್ತು. ಮೊದಲು ಅಷ್ಟು ದೂರ ನಡೆದು ಸಾಲಿನಲ್ಲಿ ಕಾಯುತ್ತಿದ್ದ ಅವ್ವ ಈಗ ಹಸು ಕರೆದ ಕೂಡಲೇ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತಿದ್ದಳು. ಡೇರಿಯ ಸೆಕ್ರೆಟರಿ ಮಾವ ಹಾಲಿನೊಳಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ ಬಿಡುತ್ತಾರೆ. ಒಳ್ಳೆಯ ಹಾಲಿನಲ್ಲಿ ಅದು ತೇಲಿ ನಿಲ್ಲುತ್ತದೆ, ಡಿಗ್ರಿ ಬಂತು ಅನ್ನುತ್ತಾರೆ. ನೀರು ಬೆರೆಸಿದ್ದರೆ ಮುಳುಗುತ್ತದೆ. ಅವ್ವನ ಹಾಲಿನಲ್ಲಿ ಅದು ದಿನಾ ಮುಳುಗತೊಡಗಿತು.

“ಇವತ್ತೂ ಡಿಗ್ರಿ ಬರ್ನಿಲ್ಲ ಕಣಕ್ಕ, ತಗಂಡೋಗು.”

“ಒಂದ್ ತೊಟ್ಟೂ ನೀರಾಕಿಲ್ಲ ಕಣಪ್ಪ, ಗೌರಿ ಆಣೆಗೂ” ಎಂದು ಅವ್ವ ಹಸುವಿನ ಮೇಲೆ ಆಣೆ ಇಟ್ಟರೆ ಸಾಲಿನಲ್ಲಿದ್ದವರು ನಗುತ್ತಿದ್ದರು. ಜಯಮ್ಮ ಎಂಬ ಹೆಸರಿನ ಅವ್ವ ಊರವರ ಬಾಯಲ್ಲಿ ಗಂಗಮ್ಮ ಆದಳು. ಇನ್ನೊಂದು ಸಲ ಹೀಗಾದರೆ ಹಾಲೇ ಹಾಕಿಸಿಕೊಳ್ಳುವುದಿಲ್ಲ ಎಂದು ಡೇರಿಯವರು ಹೇಳಿ ಕಳಿಸಿದರು. ಅವ್ವ ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟಳು.

ಅದೇ ವಾರ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದರು: “ಹೊಗೆ ಕಂಡರೆ ಬೆಂಕಿ ಇದೆ ಅನ್ನಿ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತೆ ಅನ್ನಬೇಡಿ. ಕಾದ ಕಬ್ಬಿಣದಲ್ಲಿ ಹೊಗೆ ಎಲ್ಲಿದೆ?” ನನ್ನ ನಿದ್ದೆ ಹಾರಿಹೋಯಿತು. ನೀರು ಹಾಕಿದರೆ ಕಡ್ಡಿ ಮುಳುಗುತ್ತದೆ, ಸರಿ. ಕಡ್ಡಿ ಮುಳುಗಿತು ಅಂದ ಮಾತ್ರಕ್ಕೆ ನೀರೇ ಹಾಕಿರಬೇಕಾ?

ಮರುದಿನ ಬಸ್ಸಿಗೆ ಹೋಗಲಿಲ್ಲ. ಗೌರಿಯನ್ನು ಹಿಡಿದುಕೊಂಡು ಡೇರಿ ಮುಂದೆ ನಿಂತೆ. “ಮಾವ, ನಿಮ್ ಕಣ್ಮುಂದೇನೇ ಅವ್ವ ಕರೀತಾಳೆ. ನೋಡ್ಬುಡಿ” ಎಂದೆ.

“ಕಾಲೇಜ್ ಉಡ್ಗಿ ಲಾ ಪಾಯಿಂಟ್ ಆಕ್ತಾವ್ಳೆ” ಎಂದು ಸಾಲಿನಲ್ಲಿದ್ದ ಪುಟ್ಟಮ್ಮತ್ತೆ ನಕ್ಕರು. ಸೆಕ್ರೆಟರಿ ಮಾವ ಕ್ಯಾನನ್ನು ಬೋರಲು ಹಾಕಿ, ಒಣಗಿದೆ ಎಂದು ಎಲ್ಲರಿಗೂ ತೋರಿಸಿದರು. ಅವ್ವ ಕೂತು ಕರೆದಳು. ಮಾವ ಕಡ್ಡಿ ಬಿಟ್ಟರು.

ಮುಳುಗಿತು.

ನಾನು ಅವ್ವನ ಮುಖ ನೋಡಿದೆ.

ಯಾರೂ ನಗಲಿಲ್ಲ. ಎಲ್ಲರೂ ಕಣ್ಣಾರೆ ನೋಡಿದ್ದರಲ್ಲ! ಮಾವ ತಲೆ ಕೆರೆದುಕೊಳ್ಳುತ್ತಾ ಆ ಹಾಲನ್ನು ಪಕ್ಕಕ್ಕಿಟ್ಟು ಉಳಿದವರದ್ದು ಅಳೆದರು. ಸಾಲು ಕರಗಿದ ಮೇಲೆ ಅದೇ ಹಾಲಿಗೆ ಮತ್ತೆ ಕಡ್ಡಿ ಬಿಟ್ಟರು. ತೇಲಿ ನಿಂತಿತು.

“ಅಯ್ಯೋ, ಆಗ್ತಾನೆ ಕರ್ದಿರೋ ಬಿಸಿ ಆಲಿಗೆ ಇಂಗಾಗ್ತದೆ ಅಂತ ಟ್ರೈನಿಂಗ್‌ನಾಗೇ ಯೋಳಿದ್ರು. ಮರ್ತೇ ಓಗಿತ್ತು. ನಾಳಿಂದ ಚೂರು ಆರುಸ್ಕಂಡು ಬಾಕ್ಕ” ಎಂದರು. ಅಷ್ಟೇ. ತಪ್ಪಾಯ್ತು ಎಂದು ಒಬ್ಬರೂ ಹೇಳಲಿಲ್ಲ. ಗಂಗಮ್ಮ ಎಂಬ ಹೆಸರೂ ಹೋಗಲಿಲ್ಲ.

ಅವ್ವ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಗೌರಿಯನ್ನು ಕಟ್ಟಿ, ಜಗಲಿಯ ಮೇಲೆ ಸುಸ್ತಾಗಿ ಕೂತಳು. “ನಾ ಬಾಯ್ ಬಡ್ಕಂಡಾಗ ಯಾರೂ ನಂಬ್ನಿಲ್ಲ. ಗೌರಿ ಕೆಚ್ಚಲು ನೋಡಿ ನಂಬುದ್ರು. ಓಗ್ಲಿ ಬುಡು, ಅವ್ರು ಊರೋರು. ಕಡ್ಡಿ ಮುಳುಗ್ದಾಗ ನೀನ್ಯಾಕೆ ನನ್ ಮಕ ನೋಡ್ದೆ?” ಎಂದಳು.

ನಾನು ಗೌರಿಗೆ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋದೆ.

ಆಮೇಲೆ ಕ್ಲಾಸಿನಲ್ಲಿ, ನಂಬಿಕಸ್ಥರ ಮಾತೂ ಒಂದು ಪ್ರಮಾಣ, ಅದರಿಂದಲೂ ನಮಗೆ ತಿಳಿವಳಿಕೆ ಬರುತ್ತದೆ ಎಂಬ ಪಾಠ ಬಂತು. ಮೇಷ್ಟ್ರು ಉದಾಹರಣೆ ಕೇಳಿದರು. ಅವ್ವನ ಆಣೆ ನೆನಪಾದರೂ ನನ್ನ ಕೈ ಮೇಲೇಳಲಿಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಉದಾಹರಣೆಯನ್ನೇ ಬರೆದು ಬಂದೆ.

ಅವ್ವ ಈಗ ದಿನಾ ಹಾಲು ಆರುವವರೆಗೆ ಕ್ಯಾನು ಹಿಡಿದು ಜಗಲಿಯಲ್ಲಿ ಕೂರುತ್ತಾಳೆ. ಮೊನ್ನೆ ನಾನು ಬಸ್ಸಿಗೆ ಹೊರಟಿದ್ದಾಗ, “ಆರೈತೆ ಅನ್ಸುತ್ತೆ. ಕೈಯಿಟ್ ನೋಡೇ” ಎಂದಳು.

“ನೀನು ಯೋಳುದ್ಮೇಲೆ ನಾನೇನವ್ವ ನೋಡೋದು” ಎಂದೆ.

ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕ್ಯಾನು ಎತ್ತಿಕೊಂಡು ಡೇರಿ ಕಡೆ ನಡೆದಳು.