ಪರದೇಶಕ್ಕೆ ಪೆಟ್ಟಿಗೆ ಕಟ್ಟುತ್ತಿದ್ದ ದೊಡ್ಡಮ್ಮ

ಧಪ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಚರ್ಮ ನರಳಿದಂಥ ಇನ್ನೊಂದು. ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಆ ಸದ್ದು ಕೇಳಿತೆಂದರೆ ಯಾರೋ ಪರದೇಶಕ್ಕೆ ಹೊರಟಿದ್ದಾರೆ ಎಂದೇ ಅರ್ಥ. ಕೆಳಮನೆಯ ದೊಡ್ಡಮ್ಮ ತಮ್ಮ ಭಾರೀ ಮೈಯನ್ನು ಹೊತ್ತು ತಂದು, ತುಂಬಿ ಉಬ್ಬಿದ ಸೂಟ್‌ಕೇಸಿನ ಮೇಲೆ ಕೂರುತ್ತಿದ್ದ ಸದ್ದು ಅದು. ಕೂತಲ್ಲಿಂದಲೇ ಬಗ್ಗಿ ಎರಡೂ ಚಿಲಕ ಒತ್ತಿ, ಏದುಸಿರು ಬಿಡುತ್ತಾ, "ಹಾಂ, ಇನ್ನು ಇದನ್ನು ತೆಗೀಲಿಕ್ಕೆ ಕಸ್ಟಮ್ಸಿನವನ ಅಜ್ಜನೇ ಬರಬೇಕು" ಎನ್ನುತ್ತಿದ್ದರು.

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಾಗಿರಲಿಲ್ಲ. ಅವರೂ ಉಡುಪಿ ಕಡೆಯವರು, ನಾವೂ ಉಡುಪಿ ಕಡೆಯವರು, ಅಷ್ಟೇ. ಆದರೆ ಇಡೀ ಬಿಲ್ಡಿಂಗಿಗೆ ಅವರು ದೊಡ್ಡಮ್ಮ. ಗಂಡ ಏಡನ್ ಬಂದರಿನಲ್ಲಿ ಕೆಲಸಕ್ಕಿದ್ದವರು, ಅಲ್ಲೇ ತೀರಿಕೊಂಡಿದ್ದರು. ಬ್ರಿಟಿಷರು ಏಡನ್ ಬಿಟ್ಟು ಹೊರಡುವ ಗಲಾಟೆಯಲ್ಲಿ ಇವರು ಹಡಗು ಹತ್ತಿ ಬಂದು ಮಲಾಡಿನ ತಮ್ಮನ ಮನೆ ಸೇರಿದರು. ಆ ತಮ್ಮ ಬೆಳಿಗ್ಗೆ ಹೋಟೆಲಿನ ಕ್ಯಾಶ್ ಕೌಂಟರಿಗೆ ಹೋದರೆ ಹಗಲೆಲ್ಲ ಆ ಮನೆ ದೊಡ್ಡಮ್ಮನ ಆಫೀಸು. ನಾನು ಕಾನ್ವೆಂಟಿನ ಗತ್ತಿನಲ್ಲಿ ಅದಕ್ಕೆ "ಇನ್ಫರ್ಮೇಶನ್ ಬ್ಯೂರೋ" ಎಂದು ಹೆಸರಿಟ್ಟಿದ್ದೆ.

ಗಲ್ಫಿಗೆ ಹೋಗುವ ಹುಚ್ಚು ಆಗಷ್ಟೇ ಶುರುವಾಗಿತ್ತು. ಜೋಗೇಶ್ವರಿಯಿಂದ, ಬೊರಿವಲಿಯಿಂದ ಜನ ವಿಳಾಸ ಕೇಳಿಕೊಂಡು ಬರುತ್ತಿದ್ದರು. ದೊಡ್ಡಮ್ಮ ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಹೊರಟವನ ಸಾಮಾನೆಲ್ಲ ಸುರಿಸಿ, ಒಂದೊಂದನ್ನೇ ಎತ್ತಿ ವಿಚಾರಣೆ ಮಾಡುತ್ತಿದ್ದರು. ಇದು ಯಾಕೆ? ಅದು ಯಾರಿಗೆ? ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಮೇಣ ಕರಗಿಸಿ ಹೊಯ್ದು, ಲುಂಗಿಯಲ್ಲಿ ಸುತ್ತಿ, ಬಟ್ಟೆಯ ನಡುವೆ ಮಲಗಿಸುವುದು. ಶೂಸಿನ ಹೊಟ್ಟೆಯೊಳಗೆ ಕಾಲುಚೀಲ. ಕೈ ಕೆಲಸ ಮಾಡುತ್ತಿದ್ದ ಹಾಗೇ ಬಾಯಿಂದ ಅಡ್ವೈಸು ಸುರಿಯುತ್ತಿತ್ತು. "ಹೋದ ಹೊಸತರಲ್ಲಿ ಬಾಯಿ ಮುಚ್ಚಿಕೊಂಡಿರು, ಕಣ್ಣು ಬಿಟ್ಟುಕೊಂಡಿರು. ಹೆಂಗಸರು ಎದುರು ಬಂದ್ರೆ ನೆಲ ನೋಡು. ಮನೆ ನೆನಪಾದ್ರೆ ಮೊದಲು ಉಣ್ಣು. ಹೊಟ್ಟೆ ತುಂಬಿದ ಮೇಲೂ ನೆನಪಾದ್ರೆ ಆಗ ಕೂತು ಅಳು."

ಒಮ್ಮೆ ಬಿಜಾಪುರ ಕಡೆಯ ಗೌಂಡಿಯೊಬ್ಬ ಬಂದಿದ್ದ. ನಮ್ಮ ಪಕ್ಕದ ಬಿಲ್ಡಿಂಗು ಕಟ್ಟಿದವನೇ.

"ಬಾಯಾರ, ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನ್ರಿ?"

"ಜೋಳ ಎಲ್ಲಿಂದ ಮಾರಾಯ, ಅಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ. ಖುಬ್ಸ್ ಅಂತ ಒಂದು ಉಂಟು, ಗೋಧಿದು. ಕಣ್ಣು ಮುಚ್ಚಿ ತಿನ್ನು."

"ಕಣ್ಣ ಮುಚ್ಚಿದ್ರ ಅದು ರೊಟ್ಟಿ ಆಗತೈತೇನ್ರಿ?"

"ಆಗುವುದಿಲ್ಲ. ಆದ್ರೆ ನಿನ್ನ ಮುಖ ನೋಡಿ ಬಡಿಸುವವನಿಗೆ ಬೇಜಾರಾಗುವುದು ತಪ್ಪುತ್ತದೆ" ಎಂದರು ದೊಡ್ಡಮ್ಮ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ನೋಡಿದರೆ ಆ ಗೌಂಡಿ ಮಾತ್ರ ಬಹಳ ಸೀರಿಯಸ್ಸಾಗಿ ತಲೆಯಾಡಿಸುತ್ತಿದ್ದ.

ಎಲ್ಲ ಕಟ್ಟಿಯಾದ ಮೇಲೆ ಕೊನೆಯಲ್ಲಿ ಒಂದು ಚಿಕ್ಕ ಬಟ್ಟೆಗಂಟು ಇಡುವುದು ಅವರ ಪದ್ಧತಿ. ಹದವಾಗಿ ಹುರಿದ ಗಸಗಸೆ, ನಾಲ್ಕು ಏಲಕ್ಕಿ. "ಹೊಸ ಊರಲ್ಲಿ ಮೊದಲ ರಾತ್ರಿ ನಿದ್ರೆ ಬರುವುದಿಲ್ಲ, ನನಗೆ ಗೊತ್ತುಂಟು. ಇದನ್ನು ಅರೆದು, ಬೆಲ್ಲ ಹಾಕಿ ಪಾಯಸ ಮಾಡಿ ಕುಡಿ. ಊರಲ್ಲೇ ಮಲಗಿದ ಹಾಗೆ ಆಗ್ತದೆ." ಏಡನ್ನಿನ ಮೊದಲ ರಾತ್ರಿ, ಸೆಕೆಗೆ, ಅಳುವಿಗೆ, ಹೊಸ ಗಂಡನ ಭಯಕ್ಕೆ ನಿದ್ರೆ ಬಾರದೆ ಒದ್ದಾಡಿದ್ದ ಹುಡುಗಿ ಅವರೇ. ಅಮ್ಮ ಕಟ್ಟಿಕೊಟ್ಟಿದ್ದ ಗಸಗಸೆ ಆಗ ಅವರನ್ನು ಮಲಗಿಸಿತ್ತಂತೆ. ಎಷ್ಟೋ ಜನ ಆ ಗಂಟು ಒಯ್ದರು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ನನ್ನ ಅಣ್ಣ ಹೊರಟ. ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಕೆಲಸ. ಗಲ್ಫಿನ ಆ ಊರಿನ ಹೆಸರನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ದೊಡ್ಡಮ್ಮನೇ ಪೆಟ್ಟಿಗೆ ಕಟ್ಟಿದರು, ಮೇಲೆ ಕೂತರು, ಎಲ್ಲರೂ ನಕ್ಕೆವು. ಸಾಂತಾಕ್ರೂಜಿನಿಂದ ಅಣ್ಣ ಹಾರಿದ. ತಲುಪಿದ ಕೂಡಲೇ ಬರಬೇಕಾಗಿದ್ದ ಟೆಲಿಗ್ರಾಂ ಬರಲಿಲ್ಲ. ಅಪ್ಪ ದಿನಾ ಪೋಸ್ಟಾಫೀಸಿಗೆ ಹೋಗಿ ಬರುತ್ತಿದ್ದರು. ಅಮ್ಮ ಬಾಗಿಲಲ್ಲೇ ಕೂತಿರುತ್ತಿದ್ದಳು.

ಕೊನೆಗೆ ಸುದ್ದಿ ತಂದವರು ಅದೇ ವಿಮಾನದಲ್ಲಿದ್ದ ಮಂಗಳೂರಿನವರೊಬ್ಬರು, ಅರ್ಜೆಂಟು ಕೆಲಸಕ್ಕೆಂದು ವಾಪಸು ಬಂದವರು. ನಿಂತೇ ಹೇಳಿದರು. ಕಸ್ಟಮ್ಸಿನಲ್ಲಿ ಪೆಟ್ಟಿಗೆ ತೆರೆಸಿದರು. ಗಂಟು ಬಿಚ್ಚಿಸಿದರು. ಇದೇನು ಎಂದು ಕೇಳಿದ್ದಕ್ಕೆ ಅಣ್ಣ ಒಳ್ಳೇ ಇಂಗ್ಲಿಷಿನಲ್ಲಿ, ತುಂಬ ಪೊಲೈಟಾಗಿ, "ಸರ್, ಇಟ್ ಈಸ್ ಫಾರ್ ಗುಡ್ ಸ್ಲೀಪ್" ಎಂದನಂತೆ. ಗಸಗಸೆ ಅಫೀಮಿನ ಗಿಡದ ಬೀಜ. ಅಲ್ಲಿಯ ಕಾನೂನಿಗೆ ಅದು ಅಫೀಮೇ. ಅಲ್ಲಿಂದಲೇ ಜೈಲಿಗೆ ಒಯ್ದರು.

ಅಮ್ಮ ಚಪ್ಪಲಿ ಕೂಡ ಮೆಟ್ಟದೆ ಕೆಳಗಿಳಿದಳು. ನಾನು ಹಿಂದೆ ಓಡಿದೆ.

"ಅಕ್ಕಾ, ನಿಮ್ಮ ಪಾಯಸ ನನ್ನ ಮಗನನ್ನು ಒಳಗೆ ಹಾಕಿಸಿತು. ಸಮಾಧಾನ ಆಯ್ತಾ ನಿಮಗೆ?"

ದೊಡ್ಡಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತರು. "ಗಸಗಸೆಯಾ?" ಎಂದರು. ಮತ್ತೆ, "ಬರೇ ಗಸಗಸೆ ಅಲ್ವಾ ತಂಗಿ ಅದು?" ಅಮ್ಮ ಮೇಲೆ ಹತ್ತಿ ಹೋದಳು. ಆಮೇಲೆ ಅವರೊಡನೆ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಮಗಾ, ನಿನಗೆ ಇಂಗ್ಲಿಷ್ ಬರ್ತದೆ. ನನಗೆ ಅರಬಿ ಬರ್ತದೆ. ಫೋರ್ಟಿನಲ್ಲಿ ಆ ದೇಶದವರ ಆಫೀಸು ಉಂಟಂತೆ, ಚಲೋ." ಚರ್ಚ್‌ಗೇಟ್ ಲೋಕಲ್ಲಿನಲ್ಲಿ ಕಂಬಿ ಹಿಡಿದು ನಿಂತು, ಏಡನ್ ಬಜಾರಿನ ಅರಬಿಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು. ಅಲ್ಲಿ ಕೌಂಟರಿನಲ್ಲಿ ಕೂತಿದ್ದವನು ಗೋವಾದವನು. ಅವರ ಅರಬಿಯನ್ನೆಲ್ಲ ಕೇಳಿಸಿಕೊಂಡು ನನ್ನತ್ತ ತಿರುಗಿ, "ವಾಟ್ ಈಸ್ ದ ಲೇಡಿ ಸೇಯಿಂಗ್?" ಎಂದ.

ಆದರೂ ದೊಡ್ಡಮ್ಮ ಬಿಡಲಿಲ್ಲ. ಒಳಗಿನ ಆಫೀಸರನ ಕೋಣೆಗೆ ನುಗ್ಗಿಯೇಬಿಟ್ಟರು. ಸೆರಗಿನಿಂದ ಗಸಗಸೆಯ ಗಂಟು ತೆಗೆದು, ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. "ಹೇಳು ಮಗಾ ಇವರಿಗೆ. ನಾನು ತಿಂದೆ. ನನಗೆ ಅಮಲು ಏರುವವರೆಗೆ ಇಲ್ಲೇ ಕೂರ್ತೇನೆ. ಏರದಿದ್ರೆ ಹುಡುಗನನ್ನು ಬಿಡಲಿಕ್ಕೆ ಹೇಳು. ಏರಿದ್ರೆ ಕೊಟ್ಟವಳನ್ನೇ ಹಿಡಿದು ಒಳಗೆ ಹಾಕಲಿಕ್ಕೆ ಹೇಳು." ನಾನು ನಾಚಿಕೆಯಿಂದ ಸಾಯುತ್ತಾ ಅಷ್ಟನ್ನೂ ಟ್ರಾನ್ಸ್‌ಲೇಟ್ ಮಾಡಿದೆ. ಆಫೀಸರ್ ನಗಲಿಲ್ಲ. "ಮೇಡಂ, ಐ ಹ್ಯಾವ್ ಅ ಮದರ್ ಆಲ್ಸೋ" ಎಂದು ನೀರು ತರಿಸಿಕೊಟ್ಟ. ಅರ್ಜಿ ಬರೆದುಕೊಡಿ, ಕಳಿಸುತ್ತೇನೆ, ಪ್ರಾಮಿಸ್ ಮಾಡಲಾರೆ ಎಂದ. ದೊಡ್ಡಮ್ಮ ಸಂಜೆ ಬಾಗಿಲು ಹಾಕುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತರು. ಮತ್ತೆಯೂ ಎಷ್ಟೋ ಸಲ ಹೋಗಿ ಕೂತರು.

ಅರ್ಜಿಯಿಂದಲೋ ಇನ್ನಾವುದರಿಂದಲೋ, ಕೆಲವು ತಿಂಗಳ ಮೇಲೆ ಅಣ್ಣನನ್ನು ವಾಪಸು ಕಳಿಸಿದರು. ಬಡಕಲಾಗಿದ್ದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದ. ದೊಡ್ಡಮ್ಮನನ್ನು ಅವನು ಒಂದು ದಿನವೂ ಬೈಯಲಿಲ್ಲ, ಆದರೆ ಅವರ ಬಾಗಿಲು ದಾಟುವಾಗ ತಲೆಯೆತ್ತುತ್ತಿರಲಿಲ್ಲ. ದೊಡ್ಡಮ್ಮ ಪೆಟ್ಟಿಗೆ ಕಟ್ಟುವುದನ್ನೇ ಬಿಟ್ಟರು. ಕೇಳಿ ಬಂದವರಿಗೆ, "ನಾನು ಹೇಳುವ ಪರದೇಶ ಈಗ ಎಲ್ಲಿಯೂ ಇಲ್ಲ ಮಾರಾಯ. ನಿನ್ನೆ ಮೊನ್ನೆ ಅಲ್ಲಿಂದ ಬಂದವರನ್ನು ಕೇಳು" ಎನ್ನುತ್ತಿದ್ದರು.

ಮದುವೆಯಾಗಿ ನಾನು ಲಂಡನ್ನಿಗೆ ಹೊರಟೆ. ದೊಡ್ಡಮ್ಮ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅಲ್ಲೇ. ಫೋರ್ಕು ಹಿಡಿಯುವುದನ್ನು ನನಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆದರೆ ಪರರ ನಾಡಿನಲ್ಲಿ ಮೊದಲು ಉಂಡು ಆಮೇಲೆ ಅಳಬೇಕೆಂದು ಕಲಿಸಿದವರು ಇವರು. ಆ ಮೊದಲ ಚಳಿಗಾಲವನ್ನು ನಾನು ಹಾಗೆಯೇ ಕಳೆದೆ.

ನಾನು ಲಂಡನ್ನಿಗೆ ಹೊರಟ ಆ ಮಧ್ಯಾಹ್ನ ಟ್ಯಾಕ್ಸಿ ಗೇಟಿನಲ್ಲಿ ನಿಂತಿತ್ತು. ಅಮ್ಮ ಅಪ್ಪ ಆಗಲೇ ಒಳಗೆ ಕೂತಿದ್ದರು. ಅಣ್ಣ ಏರ್‌ಪೋರ್ಟಿಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದ. ಸೂಟ್‌ಕೇಸು ಮಾತ್ರ ಕೆಳಗಿಳಿಸುತ್ತಿದ್ದ. ದೊಡ್ಡಮ್ಮನ ಬಾಗಿಲ ಮುಂದೆ ಅವನು ನಿಂತುಬಿಟ್ಟ. ಅವರು ಒಳಗಿನಿಂದ ನಮ್ಮನ್ನೇ ನೋಡುತ್ತಿದ್ದರು. ಅಣ್ಣ ಸೂಟ್‌ಕೇಸನ್ನು ಅವರ ಹೊಸಿಲ ಬಳಿ ಇಟ್ಟು, ತಾನೇ ಚಿಲಕ ಎತ್ತಿದ.

"ದೊಡ್ಡಮ್ಮ, ಇವಳು ಎಂತೆಂತದೋ ತುರುಕಿದ್ದಾಳೆ. ಸ್ವಲ್ಪ ನೋಡಿ."

"ನಾನು ಬೇಡ ಮಗಾ."

"ನೀವೇ ನೋಡಬೇಕು."

ಮಂಡಿಯೂರಿ ಕೂತರು. ಸೀರೆಯ ಮಡಿಕೆ ಮಡಿಕೆಗೂ ಕೈ ಹಾಕಿ ತಡಕಿದರು. ಸಾರಿನ ಪುಡಿ ಮೂಸಿ ನೋಡಿ ಹೊರಗಿಟ್ಟರು. ಚಟ್ನಿ ಪುಡಿ, ಹಪ್ಪಳ, ಮೆಂತೆ, ಎಲ್ಲ ಹೊರಗೆ. ಕೊನೆಗೆ ತಳದಲ್ಲಿದ್ದ ಒಂದು ಬಟ್ಟೆಗಂಟಿಗೆ ಕೈ ಹಾಕಿದರು. ಡ್ರೈವರು "ಜಲ್ದಿ ಕರೋ ಭಾಯ್" ಎಂದು ಹಾರ್ನು ಬಾರಿಸುತ್ತಿದ್ದ. ಅಮ್ಮ ಇಳಿದು ಬಂದಳು. ಎಷ್ಟು ಕಾಲದ ಮೇಲೋ ಅವರೊಡನೆ ಬಾಯಿ ತೆರೆದಳು.

"ಅಕ್ಕಾ, ಅದು ಸಾಸಿವೆ. ಬರೇ ಸಾಸಿವೆ."

"ನಾನೂ ಬರೇ ಗಸಗಸೆ ಅಂತಲೇ ಹೇಳಿದ್ದು ತಂಗಿ."

ಗಂಟು ಹೊರಗೆಳೆಯುವಾಗ ಬಿಚ್ಚಿಹೋಗಿ ಸಾಸಿವೆ ನೆಲದ ತುಂಬ ಹರಡಿತು. ದೊಡ್ಡಮ್ಮ ಅದನ್ನು ನೋಡಲೇ ಇಲ್ಲ. ಮುಚ್ಚಳ ಮುಚ್ಚಿ, "ಈಗ ಯಾರು ತೆಗೆದ್ರೂ ಏನೂ ಇಲ್ಲ. ಹೋಗಿ ಬಾ" ಎಂದರು.

ಟ್ಯಾಕ್ಸಿ ತಿರುಗುವಾಗ ಹಿಂದಿನ ಗಾಜಿನಲ್ಲಿ ನೋಡಿದೆ. ದೊಡ್ಡಮ್ಮ ಮಡಿಲ ತುಂಬ ನಮ್ಮಮ್ಮನ ಪೊಟ್ಟಣಗಳನ್ನು ಇಟ್ಟುಕೊಂಡು ಹಾಗೆಯೇ ಹೊಸಿಲಲ್ಲಿ ಕೂತಿದ್ದರು. ಅಣ್ಣ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಸಾಸಿವೆಯನ್ನು ಹೆಕ್ಕಿ ಹೆಕ್ಕಿ ಅವರ ಅಂಗೈಗೆ ಹಾಕುತ್ತಿದ್ದ.