ಮೂರನೆಯ ಹಾಡಿನ ನಡುವೆ

ನೀವು ನಂಬಲೇಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಆ ರಾತ್ರಿ ನಾನು ಕುಡಿದಿರಲಿಲ್ಲ, ತೂಕಡಿಸುತ್ತಲೂ ಇರಲಿಲ್ಲ. ಹೈದರಾಬಾದಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ, ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ, ನನ್ನದೇ ಕಿವಿಯಿಂದ ಕೇಳಿದ್ದನ್ನು ಹೇಳುತ್ತಿದ್ದೇನೆ.

ಸ್ಯಾಮು ನನ್ನ ಹೆಂಡತಿ ಸುಶೀಲಾಳ ತಮ್ಮ. ನಮ್ಮೆಲ್ಲರ ಊರು ಬೆಟಗೇರಿ, ದುಡಿಯಲು ಹೈದರಾಬಾದಿಗೆ ಬಂದವರು. ನಾನು ಬೇಗಂ ಬಜಾರಿನ ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅವನು ಏಸಿ ರಿಪೇರಿ ಮಾಡಿಕೊಂಡು ಲಿಂಗಂಪಲ್ಲಿಯ ನಮ್ಮ ಮನೆಯಲ್ಲೇ ಇದ್ದ. ಭಾನುವಾರ ಚರ್ಚಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ.

ಅವನಿಗೆ ಒಂದು ಆಲ್ಬಂ ಎಂದರೆ ಹುಚ್ಚು. ಯಾವುದೋ ದೇಶದ ಕ್ರಿಶ್ಚಿಯನ್ ಹುಡುಗರದ್ದು. ಪೋಸ್ಟ್-ಹಾರ್ಡ್‌ಕೋರ್ ಅನ್ನುತ್ತಾರಂತೆ. ಗಂಟಲು ಹರಿದುಹೋಗುವ ಹಾಗೆ ಚೀರಾಟ, ಗಿಟಾರಿನ ಅಬ್ಬರ, ಮಧ್ಯೆ ಮಧ್ಯೆ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಗುಂಯ್ ಎನ್ನುವ ತಣ್ಣನೆಯ ಸದ್ದು. ಸೈತಾನನ ಗದ್ದಲ ಎಂದು ಸುಶೀಲಾ ಬಯ್ಯುತ್ತಿದ್ದಳು. ಅದು ಪ್ರಾರ್ಥನೆಯೇ, ದೇವರು ದೂರ ಇದ್ದಾನೆ ಅನ್ನಿಸಿದಾಗ ಮೆಲ್ಲಗೆ ಕರೆದರೆ ಹೇಗೆ ಕೇಳುತ್ತದೆ ಎಂದು ಅವನು ನಗುತ್ತಿದ್ದ.

ಅಮೀರ್‌ಪೇಟ್ ಹತ್ತಿರ ಅವನ ಬೈಕು ಜಾರಿತು. ತಲೆಗೆ ಪೆಟ್ಟು. ಆಪರೇಷನ್ ಆಯಿತು, ದಿನಗಳು ಕಳೆದವು, ಕಣ್ಣು ಮಾತ್ರ ತೆರೆಯಲಿಲ್ಲ. ಇನ್ನು ಕಾಯುವುದಷ್ಟೇ ಎಂದರು ಡಾಕ್ಟರು. ಅವನಿಗೆ ಇಷ್ಟವಾದದ್ದೇನಾದರೂ ಕೇಳಿಸಿ ನೋಡಿ ಎಂದು ಮಲಯಾಳಿ ಸಿಸ್ಟರ್ ಒಬ್ಬರು ಹೇಳಿದರು.

ಸುಶೀಲಾ ಸ್ತೋತ್ರ ಹಾಡಿ ಸೋತಿದ್ದಳು. ಆ ರಾತ್ರಿ ನಾನು ಒಳಗೆ ಹೋಗಿ ನನ್ನ ಮೊಬೈಲಿನಲ್ಲಿ ಆ ಆಲ್ಬಂ ಹಚ್ಚಿದೆ. ಒಂದು ಇಯರ್‌ಫೋನ್ ಅವನ ಕಿವಿಗೆ, ಒಂದು ನನ್ನ ಕಿವಿಗೆ.

ಎರಡು ಹಾಡು ಮುಗಿದವು. ಏನೂ ಇಲ್ಲ. ಸ್ಪಿರಿಟ್ಟಿನ ವಾಸನೆ, ವೆಂಟಿಲೇಟರಿನ ಉಸಿರು...

ಮೂರನೆಯ ಹಾಡಿನ ನಡುವೆ ಚೀರಾಟ ಥಟ್ಟನೆ ನಿಂತಿತು. ಗುಂಯ್ ಎನ್ನುವ ಸದ್ದು ಮಾತ್ರ ಉಳಿಯಿತು. ಅದರ ಕೆಳಗೆ, ಎಲ್ಲೋ ಆಳದಲ್ಲಿ, ಯಾರೋ ಉಸಿರಾಡುತ್ತಿದ್ದರು.

“ಮಾಮಾ...”

ಸ್ಯಾಮುವಿನ ದನಿ. ನಾನು ಅವನ ಮುಖ ನೋಡಿದೆ. ಬಾಯಿಯಲ್ಲಿ ಕೊಳವೆ ಇತ್ತು. ತುಟಿ ಅಲುಗಲಿಲ್ಲ.

“ಮಾಮಾ, ಭಾಳ ಕತ್ತಲ ಐತ್ರಿ ಇಲ್ಲಿ. ಯಾವ ಕಡೆ ಬರ್ಲಿ?”

ಹಾಳುಬಾವಿಯೊಳಗಿನ ತೇವದ ವಾಸನೆ ಮೂಗಿಗೆ ಬಡಿಯಿತು. ಏನು ಹೇಳಲಿ? ದಾರಿ ನನಗೇನು ಗೊತ್ತು?

“ನನ್ನ ದನಿ ಹಿಡಕೊಂಡು ಬಾ,” ಎಂದು ಪಿಸುಗುಟ್ಟಿದೆ. “ಇಲ್ಲೇ ಅದೀನಿ.”

“ಒಂದ ಸಣ್ಣ ಹುಡುಗಿ ಐತ್ರಿ ನನ್ನ ಜೋಡಿ. ತೆಲುಗು ಮಾತಾಡಾಕತ್ತೈತಿ. ನನ್ನ ಕೈ ಬಿಡವಲ್ದು.”

“ಆಕೀನ್ನೂ ಕರಕೊಂಡು ಬಾ.”

ಆಮೇಲೆ ಉಸಿರು ಮಾತ್ರ... ಎರಡು ಉಸಿರು. ಮರುಕ್ಷಣ ಡ್ರಮ್ಸು, ಗಿಟಾರು, ಚೀರಾಟ ಒಮ್ಮೆಲೇ ನುಗ್ಗಿ ಎಲ್ಲವನ್ನೂ ಮುಚ್ಚಿಬಿಟ್ಟವು. ನನ್ನ ಅಂಗೈಯೊಳಗೆ ಸ್ಯಾಮುವಿನ ಬೆರಳು ಸಣ್ಣಗೆ ಅಲುಗಿತು.

ಬೆಳಗಾಗುವಷ್ಟರಲ್ಲಿ ಅವನು ಕಣ್ಣು ತೆರೆದಿದ್ದ. ಸುಶೀಲಾ ನೆಲಕ್ಕೆ ಕುಸಿದು ಅತ್ತಳು. ನಾನು ಆ ಹಾಡನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಗುಂಯ್ ಎನ್ನುವ ಸದ್ದಿತ್ತು. ದನಿ ಇರಲಿಲ್ಲ.

ಸ್ಯಾಮುವನ್ನು ವಾರ್ಡಿಗೆ ತಂದ ಮೇಲೆ, ಕೊಳವೆ ತೆಗೆದ ಗಂಟಲಿನಿಂದ ಅವನು ಮೊದಲು ಕೇಳಿದ ಮಾತು, “ಮಾಮಾ, ಆ ಹುಡುಗಿ ಬಂತೇನ್ರಿ?”

ಸುಶೀಲಾ ಮದ್ದಿನ ಅಮಲು ಅಂದುಕೊಂಡಳು. ನಾನು ಎದ್ದು ಐಸಿಯು ಬಾಗಿಲಿಗೆ ಓಡಿದೆ. ಸ್ಯಾಮುವಿನ ಪಕ್ಕದ ಹಾಸಿಗೆಗೆ ಪರದೆ ಎಳೆದೇ ಇರುತ್ತಿತ್ತು. ಅಲ್ಲಿ ಯಾರಿದ್ದಾರೆಂದು ನಾನು ಎಂದೂ ಕೇಳಿರಲಿಲ್ಲ. ಸಿಸ್ಟರ್ ಹೇಳಿದರು: ಮೆದುಳಿಗೆ ಜ್ವರ ಏರಿದ ಒಂದು ಹೆಣ್ಣುಮಗು, ಬಂದಾಗಿನಿಂದ ಪ್ರಜ್ಞೆ ಇಲ್ಲ. ಸ್ಯಾಮು ಪ್ರಜ್ಞೆ ತಪ್ಪಿ ಮಲಗಿದ ಮೇಲೆಯೇ ಅವಳನ್ನು ತಂದದ್ದು. ಅವನು ಅವಳನ್ನು ನೋಡಿರಲು ಸಾಧ್ಯವಿರಲಿಲ್ಲ.

ಅವಳ ತಂದೆ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮೆದಕ್ ಕಡೆಯವನು. ಅವನಿಗೆ ನಾನು ಕೇಳಿದ್ದನ್ನೆಲ್ಲ ಹೇಳಲು ಧೈರ್ಯ ಸಾಲಲಿಲ್ಲ. ಈ ಹಾಡು ನಮ್ಮ ಹುಡುಗನಿಗೆ ಗುಣ ಕೊಟ್ಟಿತು, ನಿಮ್ಮ ಮಗುವಿಗೂ ಕೇಳಿಸೋಣ ಎಂದು ನನ್ನ ಹರಕು ತೆಲುಗಿನಲ್ಲಿ ಬೇಡಿಕೊಂಡೆ. ಅವನು ಏನನ್ನೂ ಕೇಳದೆ ಕೈ ಮುಗಿದ.

ಒಳಗೆ ಹೋದೆವು. ಬೋಳಿಸಿದ ತಲೆ, ಕೈಯಲ್ಲಿ ಹಸಿರು ಬಳೆ. ಒಂದು ಇಯರ್‌ಫೋನ್ ಅವಳಿಗೆ, ಒಂದು ಅವಳಪ್ಪನಿಗೆ ಕೊಟ್ಟೆ. ಮೂರನೆಯ ಹಾಡು ಬಂತು, ಹೋಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಿವಿಯಿಂದ ಇಯರ್‌ಫೋನ್ ತೆಗೆದು ನಾನೂ ಹಾಕಿಕೊಂಡು ಕೇಳಿದೆ. ಏನೂ ಇಲ್ಲ. ಅವಳ ಹೆಸರು ಹಿಡಿದು ಕರೆಯಲು ಅವನಿಗೆ ಹೇಳಿದೆ. ಕರೆದ, ಕರೆಯುತ್ತಲೇ ಇದ್ದ... ಕೊನೆಗೆ ಸಿಸ್ಟರ್ ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು.

ಕೆಲವು ದಿನಗಳಲ್ಲಿ ಆ ಹಾಸಿಗೆ ಖಾಲಿಯಾಯಿತು. ಊರ ಕಡೆಯ ಆಸ್ಪತ್ರೆಗೆ ಸಾಗಿಸಿದರಂತೆ, ಹಾಗೆಯೇ, ಪ್ರಜ್ಞೆ ಇಲ್ಲದೆ. ವಿಳಾಸ ಯಾರೂ ಕೊಡಲಿಲ್ಲ.

ನಾನು ಸ್ಯಾಮುವಿನ ಬಳಿ ಕೂತು, ಆ ಹುಡುಗಿ ಅವರ ಮನೆಗೆ ಹೋದಳು ಎಂದೆ.

ಅವನು ತನ್ನ ಅಂಗೈ ಬಿಡಿಸಿ ನೋಡಿಕೊಂಡ.

“ಮನಿಗಿ ಹೋಗಿಲ್ರಿ ಮಾಮಾ,” ಎಂದ. “ಆಕಿ ಇನ್ನೂ ಅಲ್ಲೇ ಅದಾಳ.”

ಈಗ ಅವನು ಕೆಲಸಕ್ಕೆ ಹೋಗುತ್ತಾನೆ, ನಗುತ್ತಾನೆ. ಆ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಆಲ್ಬಂ ಇನ್ನೂ ನನ್ನ ಮೊಬೈಲಿನಲ್ಲಿದೆ. ಅದನ್ನು ಕೇಳುವ ಧೈರ್ಯ ನನಗಿಲ್ಲ. ಅಳಿಸಿಬಿಡೋಣ ಎಂದು ಎಷ್ಟೋ ಸಲ ಬೆರಳು ಹೋಗಿದೆ. ಆದರೆ ಕತ್ತಲಲ್ಲಿ ನಿಂತಿರುವ ಆ ಮಗುವಿಗೆ ಇರುವುದು ಅದೊಂದೇ ದಾರಿಯಾಗಿದ್ದರೆ...